ಬೆಟ್ಟ ಎತ್ತುವವನೂ ಬೀಗ ತೆಗೆಯುವವಳೂ ಒಂದೇ ಮೇಜಿನಲ್ಲಿ

(ಕೋಲಾರದಲ್ಲಿ ಕಥೆಯಾಟದ ಆಸಕ್ತರ ಮುಂದೆ ನೀಡಿದ ಉಪನ್ಯಾಸದ ಬರಹ ರೂಪ. ಹಲಗೆಯ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ವಾಕ್ಯಗಳಾಗಿ ಬಿಡಿಸಿದೆ.)

ನಮಸ್ಕಾರ. ಪೀಠಿಕೆ ಬೇಡ, ಸೂಪರ್‌ಹೀರೋ ಕಥೆಯಾಟದ ಒಂದು ಮೇಜಿನ ಮುಂದೆ ಕೂತುಬಿಡೋಣ. ಆಟಗಾರರು ನಾಲ್ವರು. ಮೊದಲನೆಯ ಪಾತ್ರದ ಹೆಸರು ಬಂಡೆ. ಲಾರಿಯನ್ನು ತಲೆಯ ಮೇಲೆ ಹೊತ್ತು ನಡೆಯುತ್ತಾನೆ, ಗುಂಡು ತಾಗಿದರೆ ಗುಂಡೇ ಚಪ್ಪಟೆ. ಎರಡನೆಯವಳು ಮಿಂಚುಳ್ಳಿ, ಬಂಗಾರಪೇಟೆಯಲ್ಲಿ ಇದ್ದಳು ಅನ್ನುವಷ್ಟರಲ್ಲಿ ಮುಳಬಾಗಿಲಿನಲ್ಲಿರುತ್ತಾಳೆ. ಮೂರನೆಯವನು ದನಿ, ಅವನು ಬಾಯಿ ತೆರೆದರೆ ಕೇಳಿದವರು ಒಂದು ಗಳಿಗೆ ಅವನನ್ನು ನಂಬಿಬಿಡುತ್ತಾರೆ. ನಾಲ್ಕನೆಯವಳು ಕೀಲಿ. ಅವಳಿಗೆ ಯಾವ ಶಕ್ತಿಯೂ ಇಲ್ಲ. ಗಣಿಯಲ್ಲಿ ಸರ್ವೆಯರ್ ಆಗಿದ್ದ ತಾತನ ಹಳೆಯ ನಕ್ಷೆಗಳು, ಬೀಗಕ್ಕೆ ಪಳಗಿದ ಕೈ, ಗಟ್ಟಿ ಗುಂಡಿಗೆ, ಇಷ್ಟೇ.

ಎರಡು ಗಂಟೆ ಕಳೆಯುವಷ್ಟರಲ್ಲಿ ಕೀಲಿಯ ಆಟಗಾರ್ತಿ ಫೋನ್ ನೋಡುತ್ತಿದ್ದರೆ ತಪ್ಪು ಅವರದಲ್ಲ, ಆಟ ನಡೆಸುವವರದು.

ಈ ಆಟಕ್ಕೆ ಹೊಸಬರಾದವರಿಗೆ ಎರಡು ಮಾತು. ಒಬ್ಬರು ಆಟ ನಡೆಸುತ್ತಾರೆ, ಉಳಿದವರು ಒಂದೊಂದು ಪಾತ್ರ ಹೊರುತ್ತಾರೆ, ಅನುಮಾನ ಬಂದ ಕಡೆ ದಾಳ ಉರುಳುತ್ತದೆ. ಆಟ ನಡೆಸುವವರನ್ನು ಮೂಡಲಪಾಯದ ಭಾಗವತರ ಜಾಗದಲ್ಲಿಟ್ಟು ನೋಡಬಹುದು. ಆದರೆ ಇಲ್ಲಿ ಪ್ರಸಂಗ ಮೊದಲೇ ಬರೆದಿರುವುದಿಲ್ಲ. ವೇಷ ಕಟ್ಟಿದವರೇ ಅದನ್ನು ತಿರುಗಿಸುತ್ತಾ ಹೋಗುತ್ತಾರೆ. ತೊಡಕು ಹುಟ್ಟುವುದೂ ಅಲ್ಲೇ. ಬರೆದ ಪ್ರಸಂಗದಲ್ಲಿ ಭೀಮನಿಗೆ ಎಷ್ಟು ಪದ, ಹಾಸ್ಯಗಾರನಿಗೆ ಎಷ್ಟು ಹೊತ್ತು ಎಂದು ಕವಿಯೇ ಹಂಚಿಟ್ಟಿರುತ್ತಾನೆ. ಇಲ್ಲಿ ಹಂಚುವ ಕವಿ ಇಲ್ಲ.

ನಮ್ಮ ನಿಲುವು ಇಷ್ಟು: ಬಲ ಏರುಪೇರಾಗಿದ್ದರೆ ಇರಲಿ, ಕಥೆಯ ದಿಕ್ಕು ಬದಲಿಸುವ ಅವಕಾಶ ಮಾತ್ರ ಎಲ್ಲರ ಕೈಯಲ್ಲೂ ಹೆಚ್ಚುಕಡಿಮೆ ಒಂದೇ ಅಳತೆಯಲ್ಲಿರಬೇಕು. ಅಲ್ಲಿಗೆ ಹೋಗುವ ಮೊದಲು ಸಂಖ್ಯೆಗಳ ಕೆಲಸ ಒಂದಿಷ್ಟಿದೆ. ಕಥೆ ಚೆನ್ನಾಗಿದ್ದರೆ ಸಾಕು, ಲೆಕ್ಕ ಯಾಕೆ ಅನ್ನುವವರಿದ್ದಾರೆ. ಲೆಕ್ಕ ಕೆಟ್ಟ ಮೇಜಿನಲ್ಲಿ ಕಥೆ ಹೇಳಲು ಹೋದವರಿಗೆ ಉತ್ತರ ಗೊತ್ತಿರುತ್ತದೆ.

ಲೆಕ್ಕ ಎಲ್ಲಿ ಮುರಿಯುತ್ತದೆ

ಮ್ಯೂಟಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್ ಎಂಬ ಆಟ 2002ರಲ್ಲಿ ಬಂತು. ಅದರ ಮೂರನೆಯ ಆವೃತ್ತಿಯ ಲೆಕ್ಕವನ್ನೇ ತೆಗೆದುಕೊಳ್ಳೋಣ, ಏಕೆಂದರೆ ಈ ಸಮಸ್ಯೆಯನ್ನು ಅದು ಬಿಚ್ಚಿ ತೋರಿಸುತ್ತದೆ. ಇಪ್ಪತ್ತು ಮುಖದ ದಾಳ. ಹೊಡೆಯಬೇಕಾದರೆ ದಾಳಕ್ಕೆ ದಾಳಿಯ ಅಂಕ ಕೂಡಿಸಿ, ಎದುರಾಳಿಯ ತಪ್ಪಿಸಿಕೊಳ್ಳುವ ಅಂಕಕ್ಕೆ 10 ಸೇರಿಸಿದ ಮೊತ್ತವನ್ನು ಮುಟ್ಟಬೇಕು. ಪೆಟ್ಟು ಬಿದ್ದ ಮೇಲೆ ಎದುರಾಳಿ ತನ್ನ ಗಟ್ಟಿತನದ ಅಂಕ ಕೂಡಿಸಿ ದಾಳ ಹಾಕುತ್ತಾನೆ. 15ಕ್ಕೆ ಪೆಟ್ಟಿನ ಬಲ ಸೇರಿಸಿದಷ್ಟು ಮುಟ್ಟಿದರೆ ಏನೂ ಆಗಲಿಲ್ಲ. ಮುಟ್ಟದಿದ್ದರೆ ಎಷ್ಟು ಕಡಿಮೆ ಬಿತ್ತು ಎಂಬುದರ ಮೇಲೆ ಗಾಯ: 5ರವರೆಗೆ ಬರೀ ಗೀರು, ಕೊರತೆ 16 ಅಥವಾ ಅದಕ್ಕಿಂತ ಹೆಚ್ಚಾದರೆ ಅಲ್ಲೇ ಮಲಗಿದ.

ಈಗ ಬಂಡೆಯನ್ನು ಪವರ್ ಲೆವೆಲ್ (ಪಾತ್ರದ ಅಂಕಗಳು ಎಷ್ಟರವರೆಗೆ ಏರಬಹುದು ಎಂಬ ಮಿತಿ) 14ರಲ್ಲಿ, ಕೀಲಿಯನ್ನು 8ರಲ್ಲಿ ಕಟ್ಟಿದ್ದೇವೆ ಅನ್ನಿ. ಬಂಡೆಗೆ ಸರಿಸಾಟಿಯಾಗಲಿ ಎಂದು ಖಳನನ್ನೂ 14ರಲ್ಲೇ ತಂದಿರಿ: ದಾಳಿ 14, ಪೆಟ್ಟು 14, ತಪ್ಪಿಸಿಕೊಳ್ಳುವುದು 12, ಗಟ್ಟಿತನ 16. ಕೀಲಿಯದು ದಾಳಿ 10, ಪೆಟ್ಟು 6, ತಪ್ಪಿಸಿಕೊಳ್ಳುವುದು 12, ಗಟ್ಟಿತನ 4. ಕೀಲಿ ಹೊಡೆದರೆ ಖಳನಿಗೆ ತಾಗಲು ದಾಳದಲ್ಲಿ 12 ಅಥವಾ ಹೆಚ್ಚು ಬೇಕು, ನೂರಕ್ಕೆ 45. ತಾಗಿದ ಮೇಲೆ ಖಳ 1ರಿಂದ 4ರೊಳಗೆ ಹಾಕಿದರೆ ಮಾತ್ರ ಗೀರು, ನೂರಕ್ಕೆ 20. ಎರಡನ್ನೂ ಗುಣಿಸಿದರೆ ನೂರಕ್ಕೆ 9. ಐದು ಸುತ್ತು ಪೂರ್ತಿ ಹೋರಾಡಿದರೂ ಒಂದಾದರೂ ಗೀರು ಎಳೆಯುವ ಸಂಭವ ನೂರಕ್ಕೆ 38ರ ಆಸುಪಾಸು.

ತಿರುಗಿಸಿ ನೋಡಿ. ಖಳ ಕೀಲಿಯ ಮೇಲೆ ಕೈ ಮಾಡಿದರೆ ತಾಗುವುದು ನೂರಕ್ಕೆ 65. ತಾಗಿದರೆ ಅವಳು ಮುಟ್ಟಬೇಕಾದದ್ದು 29. ದಾಳದಲ್ಲಿ 20 ಬಿದ್ದರೂ 24. ಅಂದರೆ ಗಾಯ ಖಂಡಿತ. 9 ಅಥವಾ ಕಡಿಮೆ ಬಿದ್ದರೆ ನೆಲಕ್ಕೆ. ಒಟ್ಟಿನಲ್ಲಿ ಒಂದೊಂದು ಏಟಿಗೂ ನೂರಕ್ಕೆ 29ರಷ್ಟು ಸಲ ಆಟದಿಂದ ಹೊರಗೆ. ಅವಳು ಹೊಡೆದರೆ ಸೊಳ್ಳೆ ಕಚ್ಚಿದ ಹಾಗೆ, ಅವನು ಹೊಡೆದರೆ ಆಟಗಾರ್ತಿ ಮನೆಗೆ. ಆಗ ಆಟ ನಡೆಸುವವರು ಮಾಡುವುದೇನು? ಖಳ ಕೀಲಿಯನ್ನು ನೋಡಲೇ ಇಲ್ಲ ಎಂದು ನಟಿಸುತ್ತಾರೆ. ಮೊದಲ ಸಲ ಯಾರಿಗೂ ತಿಳಿಯುವುದಿಲ್ಲ. ಎರಡನೇ ಸಲಕ್ಕೆ ಎಲ್ಲರಿಗೂ ತಿಳಿಯುತ್ತದೆ, ಮೊದಲು ಆ ಆಟಗಾರ್ತಿಗೇ. ತನ್ನನ್ನು ಕಾಪಾಡುತ್ತಿದ್ದಾರೆ ಎಂದು ಗೊತ್ತಾದ ಪಾತ್ರಕ್ಕೆ ಧೈರ್ಯ ತೋರಿಸಲು ಜಾಗ ಉಳಿಯುವುದಿಲ್ಲ.

ಈ ಆಟದಲ್ಲೇ ಮದ್ದೂ ಇದೆ. ಪವರ್ ಲೆವೆಲ್ 10 ಅಂದರೆ ದಾಳಿ ಮತ್ತು ಪೆಟ್ಟು ಕೂಡಿ 20 ದಾಟಬಾರದು. ತಪ್ಪಿಸಿಕೊಳ್ಳುವುದು ಮತ್ತು ಗಟ್ಟಿತನ ಕೂಡಿ 20 ದಾಟಬಾರದು. ಕಟ್ಟಲು ಸಿಗುವುದು 150 ಅಂಕ. ಆ 20ನ್ನು ಹೇಗೆ ಒಡೆಯುತ್ತೀರಿ ಎಂಬುದರಲ್ಲಿ ಪಾತ್ರ ಕಾಣಿಸುತ್ತದೆ. ಬಂಡೆ: ದಾಳಿ 6, ಪೆಟ್ಟು 14, ತಪ್ಪಿಸಿಕೊಳ್ಳುವುದು 4, ಗಟ್ಟಿತನ 16. ಕೀಲಿ: ದಾಳಿ 14, ಪೆಟ್ಟು 6, ತಪ್ಪಿಸಿಕೊಳ್ಳುವುದು 15, ಗಟ್ಟಿತನ 5. ಇಬ್ಬರ ಮಿತಿ ಒಂದೇ, ಆದರೆ ಮೇಜಿನ ಮೇಲೆ ಇಬ್ಬರೂ ಬೇರೆಯೇ ಆಗಿ ಕಾಣುತ್ತಾರೆ. ಅವನು ಅಪರೂಪಕ್ಕೆ ಹೊಡೆಯುತ್ತಾನೆ, ಬಿದ್ದರೆ ಗೋಡೆ ಸಮೇತ. ಅವಳು ಪ್ರತಿ ಸಲ ತಾಗಿಸುತ್ತಾಳೆ, ಗೀರಿನ ಮೇಲೆ ಗೀರು. ಆಟಗಾರರು ವ್ಯತ್ಯಾಸವೇ ಬೇಕೆಂದರೆ ಒಂದೇ ತಂಡದಲ್ಲಿ 2 ಲೆವೆಲ್ ತನಕ ಬಿಡಿ. 3ಕ್ಕೆ ಹೋದರೆ ಮುಂದೆ ಹೇಳುವ ಉಪಾಯಗಳೆಲ್ಲವೂ ಬೇಕು. 4 ದಾಟಿದರೆ ಹೊಡೆದಾಟವನ್ನು ಕಥೆಯ ನಡುಮಧ್ಯದಿಂದ ಪಕ್ಕಕ್ಕೆ ಸರಿಸಿಬಿಡುವುದೇ ಒಳ್ಳೆಯದು.

ಹಾಗಾದರೆ ಬಂಡೆಯ ಲಾರಿ ಎತ್ತುವ ಬಲ ಎಲ್ಲಿ ಹೋಯಿತು ಎಂದು ಕೇಳಬಹುದು. ಎಲ್ಲೂ ಹೋಗಿಲ್ಲ. ಈ ಆಟದ ಅಳತೆಪಟ್ಟಿಯಲ್ಲಿ ಬಲ ಒಂದು ಮೆಟ್ಟಿಲು ಏರಿದರೆ ಎತ್ತುವ ತೂಕ ಎರಡರಷ್ಟಾಗುತ್ತದೆ. ಮೆಟ್ಟಿಲು 10ರಲ್ಲಿ 25 ಟನ್. ನಮ್ಮ ಕೋಲಾರದ ಮಂಡಿಯ 15 ಕಿಲೋ ಟೊಮೆಟೊ ಬಾಕ್ಸ್‌ನಲ್ಲಿ ಹೇಳುವುದಾದರೆ 1,500 ಬಾಕ್ಸಿಗೂ ಹೆಚ್ಚು. ಮೆಟ್ಟಿಲು 14ರಲ್ಲಿ 400 ಟನ್. ಅಂಕ ಏರಿದ್ದು ನಾಲ್ಕು, ತೂಕ ಏರಿದ್ದು ಹದಿನಾರು ಪಟ್ಟು. ಜೊತೆಗೆ ಎತ್ತುವುದಕ್ಕೆ ಮಾತ್ರ ಬರುವ, ಹೊಡೆತಕ್ಕೆ ಬಾರದ ಬಲವನ್ನು ಮೆಟ್ಟಿಲಿಗೆ ಒಂದೇ ಅಂಕ ಕೊಟ್ಟು ಕೊಳ್ಳಬಹುದು. ಬಂಡೆ ಬೆಟ್ಟ ಎತ್ತಲಿ, ಅದರಿಂದ ಯಾರ ಆಟವೂ ಕೆಡುವುದಿಲ್ಲ. ಆಟ ಕೆಡುವುದು ಬೆಟ್ಟ ಎತ್ತುವ ಅಂಕವೇ ಮುಷ್ಟಿಯ ಅಂಕವೂ ಆದಾಗ.

ಇನ್ನೊಂದು ಸಣ್ಣ ನಿಯಮವನ್ನು ಬಹಳ ಜನ ಓದದೆ ಬಿಡುತ್ತಾರೆ. ಖಳನ ಹಿಂಬಾಲಕರನ್ನು ಬಾಲಬಡುಕರ ಪಟ್ಟಿಗೆ ಹಾಕಿದರೆ, ಅವರು ತಡೆಯುವ ದಾಳದಲ್ಲಿ ಎಷ್ಟೇ ಸ್ವಲ್ಪದರಲ್ಲಿ ಸೋತರೂ ಪೂರಾ ಸೋಲು. ಒಂದೇ ಏಟಿಗೆ ಒಬ್ಬ. ಪೆಟ್ಟು 6 ಇರುವ ಕೀಲಿ ಒಂದು ಬಾಗಿಲಲ್ಲಿ ನಿಂತು ಆರು ಜನರನ್ನು ಮಲಗಿಸುವ ದೃಶ್ಯ ಇದರಿಂದ ಹುಟ್ಟುತ್ತದೆ. ಖಳನೊಬ್ಬನನ್ನೇ ತಂದು ನಿಲ್ಲಿಸುವುದು ಈ ಜಾತಿಯ ಆಟದಲ್ಲಿ ಅತಿ ಸಾಮಾನ್ಯ ತಪ್ಪು.

ಬಲವಿಲ್ಲದವರಿಗೆ ಅದೃಷ್ಟ

ಎರಡನೆಯ ಉಪಾಯ ಹಳೆಯದು, ಈಗಲೂ ಸವೆದಿಲ್ಲ. ಬಲ ಕಡಿಮೆ ಇರುವ ಪಾತ್ರದ ಕೈಗೆ ವಿಧಿಯನ್ನು ಬಗ್ಗಿಸುವ ನಾಣ್ಯ ಹೆಚ್ಚು ಕೊಡುವುದು. 2002ರಲ್ಲೇ ಬಂದ, ಬಫಿ ಎಂಬ ಟಿವಿ ಸರಣಿಯ ಆಟದಲ್ಲಿ ಇದು ನೇರವಾಗಿ ಇದೆ: ಬಲಶಾಲಿ ನಾಯಕರಿಗೆ ಶುರುವಿನಲ್ಲಿ 10 ಡ್ರಾಮಾ ಪಾಯಿಂಟ್, ಅವರ ಸಾಮಾನ್ಯ ಗೆಳೆಯರಿಗೆ 20. ಮ್ಯೂಟಂಟ್ಸ್ ಅಂಡ್ ಮಾಸ್ಟರ್‌ಮೈಂಡ್ಸ್‌ನಲ್ಲಿ ಪ್ರತಿ ಬೈಠಕ್ಕಿನ ಮೊದಲಿಗೆ ಎಲ್ಲರಿಗೂ 1 ಹೀರೋ ಪಾಯಿಂಟ್. ಅದನ್ನು ಖರ್ಚು ಮಾಡಿ ದಾಳ ಮತ್ತೆ ಹಾಕಿದರೆ 10 ಅಥವಾ ಕಡಿಮೆ ಬಿದ್ದಾಗ ಅದಕ್ಕೆ 10 ಸೇರುತ್ತದೆ. ಅಂದರೆ 11ಕ್ಕಿಂತ ಕೆಳಗೆ ಬೀಳುವ ಮಾತೇ ಇಲ್ಲ. ನಾವು ಸಲಹೆ ಮಾಡುವ ಮನೆ ನಿಯಮ: ತಂಡದ ಅತಿ ಬಲಶಾಲಿಗಿಂತ ಎಷ್ಟು ಲೆವೆಲ್ ಕೆಳಗಿದ್ದರೆ ಅಷ್ಟು ಹೆಚ್ಚುವರಿ ಪಾಯಿಂಟ್, ಗರಿಷ್ಠ 3. ಅದಕ್ಕಿಂತ ಹೆಚ್ಚು ಕೊಟ್ಟರೆ ಜನ ಖರ್ಚು ಮಾಡದೆ ಕೂಡಿಡುತ್ತಾರೆ, ಕೊನೆಯ ಹೊಡೆದಾಟದಲ್ಲಿ ಒಮ್ಮೆಗೇ ಸುರಿಯುತ್ತಾರೆ. ಬೈಠಕ್ಕು ಮುಗಿದಾಗ ಉಳಿದದ್ದು ರದ್ದು ಎಂದು ಮೊದಲೇ ಹೇಳಿಬಿಡಿ.

ನಾಣ್ಯ ಗಳಿಸುವ ದಾರಿ ಬಲಶಾಲಿಗೂ ಬೇಕು. ಅದು ಅವನ ತೊಂದರೆಗಳಿಂದ ಬರಲಿ. 1981ರಲ್ಲಿ ಬಂದ ಚಾಂಪಿಯನ್ಸ್ ಆಟದಲ್ಲಿ ಪಾತ್ರ ಕಟ್ಟುವಾಗಲೇ ದೌರ್ಬಲ್ಯ ಬರೆದುಕೊಂಡರೆ ಅಂಕ ಸಿಗುತ್ತಿತ್ತು. ಅಂಕ ಮುಂಗಡ, ತೊಂದರೆ ಉದ್ದರಿ. ಆಟಗಾರರು ಎಂದೂ ಎದುರಾಗದ ದೌರ್ಬಲ್ಯಗಳನ್ನು ಹುಡುಕಿ ಬರೆಯುವುದು ಇದರ ಪರಿಣಾಮ. ಬಯಲುಸೀಮೆಯ ಕಥೆಯಲ್ಲಿ ಸಮುದ್ರದ ಉಪ್ಪುನೀರು ತಾಗಿದರೆ ಶಕ್ತಿ ಹೋಗುತ್ತದೆ ಎನ್ನುವ ಹಾಗೆ. ತೊಂದರೆ ನಿಜವಾಗಿ ಕಾಡಿದ ದಿನ ಮಾತ್ರ ನಾಣ್ಯ ಎಂದು ಮಾಡಿದರೆ ಆಟಗಾರರೇ ತಮ್ಮ ದೌರ್ಬಲ್ಯವನ್ನು ನೆನಪಿಸುತ್ತಾರೆ. ಕರ್ಣನ ಶಾಪ ಯುದ್ಧದ ನಡುವೆ ಬಂದು ನಿಲ್ಲುವುದಕ್ಕೆ ಬೆಲೆ ಇರುವುದು ಅದು ಬಂದಾಗ, ಬರೆದಿಟ್ಟಾಗ ಅಲ್ಲ.

ದಾಳದಲ್ಲಿ ಬಲವನ್ನು ಲೆಕ್ಕಕ್ಕೇ ಹಿಡಿಯದ ಆಟಗಳೂ ಇವೆ. 2010ರ ಸ್ಮಾಲ್‌ವಿಲ್ ಆಟದಲ್ಲಿ ದಾಳದ ರಾಶಿಗೆ ಮೊದಲು ಬೀಳುವುದು ಪಾತ್ರ ನಂಬಿದ ಮೌಲ್ಯ ಮತ್ತು ಸಂಬಂಧ. ಹಾರುವವನೂ ಪತ್ರಕರ್ತೆಯೂ ಅಲ್ಲಿ ಒಂದೇ ತಕ್ಕಡಿ. ಮಾಸ್ಕ್ಸ್ ಆಟದಲ್ಲಿ ಎರಡು ಸಾಮಾನ್ಯ ದಾಳ ಹಾಕಿ, ಹದಿಹರೆಯದ ಪಾತ್ರ ತನ್ನನ್ನು ತಾನು ಏನೆಂದುಕೊಂಡಿದೆ ಎಂಬ ಅಂಕ ಕೂಡಿಸುತ್ತಾರೆ; 10ಕ್ಕೆ ಪೂರ್ಣ ಗೆಲುವು, 7ರಿಂದ 9ಕ್ಕೆ ಬೆಲೆ ತೆತ್ತು ಗೆಲುವು. ಗಾಯದ ಜಾಗದಲ್ಲಿ ಭಯ, ಸಿಟ್ಟು, ಅಪರಾಧಭಾವ ಬರುತ್ತವೆ. ನಿಮ್ಮ ಗುಂಪಿಗೆ ಲೆಕ್ಕ ಬೇಸರವಾದರೆ ಈ ಕಡೆ ಬನ್ನಿ. ನಮ್ಮ ಪ್ರಕಾರ 4 ಲೆವೆಲ್‌ಗಿಂತ ಹೆಚ್ಚಿನ ಅಂತರವಿರುವ ತಂಡಕ್ಕೆ ಇದೇ ಸರಿಯಾದ ದಾರಿ.

ವಿರಾಟನ ಊರಿನ ಉಪಾಯ

ಬಲದ ಏರುಪೇರನ್ನು ಹೇಗೆ ಸಂಭಾಳಿಸುವುದು ಎಂದು ಕೇಳಿದರೆ ವಿರಾಟಪರ್ವದ ಕಡೆ ಕೈ ತೋರಿಸಬಹುದು. ಭೀಮ, ಅರ್ಜುನ, ಸಹದೇವ ಒಂದೇ ರಣರಂಗದಲ್ಲಿ ನಿಂತರೆ ಸಹದೇವನ ಕಡೆ ಯಾರು ನೋಡುತ್ತಾರೆ? ಅಜ್ಞಾತವಾಸದಲ್ಲಿ ಭೀಮ ಅಡುಗೆಮನೆಗೆ, ಅರ್ಜುನ ನಾಟ್ಯಶಾಲೆಗೆ, ನಕುಲ ಲಾಯಕ್ಕೆ, ಸಹದೇವ ಕೊಟ್ಟಿಗೆಗೆ ಹೋದರು. ಬಲ ಒಂದು ಗುಲಗಂಜಿಯಷ್ಟೂ ಕಡಿಮೆಯಾಗಿಲ್ಲ. ಅದನ್ನು ತೋರಿಸಿದರೆ ಇನ್ನೊಂದು ಹನ್ನೆರಡು ವರ್ಷ ಕಾಡು. ಕೀಚಕನನ್ನು ಕೊಲ್ಲಬಲ್ಲ ಭೀಮ ರಾತ್ರಿಯಾಗುವ ತನಕ ಕಾಯಬೇಕಾಯಿತು. ಮತ್ತೆ ಉತ್ತರಕುಮಾರನನ್ನು ನೋಡಿ: ಆ ಪ್ರಸಂಗದ ಅತಿ ದುರ್ಬಲ ಪಾತ್ರ, ಓಡಿಹೋಗುತ್ತಾನೆ, ಎಳೆದು ತರುತ್ತಾರೆ. ಆದರೆ ಬನ್ನಿಮರ ಹತ್ತಿ ಆಯುಧ ಇಳಿಸುವವನು ಅವನೇ, ರಥ ಹೊಡೆಯುವವನೂ ಅವನೇ. ಅವನ ಕೈಯಿಲ್ಲದೆ ಅರ್ಜುನನ ಬಾಣ ಹೊರಡುವುದಿಲ್ಲ.

ಇದರಿಂದ ಆಟಕ್ಕೆ ಎತ್ತಿಕೊಳ್ಳಬೇಕಾದದ್ದು ಎರಡು: ಬಲ ಬಳಸಿದ್ದಕ್ಕೆ ಊರಲ್ಲಿ ಒಂದು ಬೆಲೆ ಇರಲಿ, ಒಂದೇ ಹೊತ್ತಿಗೆ ಹಲವು ಜಾಗದಲ್ಲಿ ಕೆಲಸವಿರಲಿ. ಎರಡನೆಯದನ್ನು ನಮ್ಮ ಜಿಲ್ಲೆಯ ಒಂದು ದೃಶ್ಯದಲ್ಲಿ ಕಟ್ಟಿ ನೋಡೋಣ.

ಕೆಜಿಎಫ್ ಗಣಿ 2001ರ ಫೆಬ್ರವರಿ 28ರಂದು ಮುಚ್ಚಿತು. ಮೂರು ಕಿಲೋಮೀಟರ್ ದಾಟಿದ ಆಳದ ಸುರಂಗಗಳಲ್ಲಿ ಈಗ ನೀರು. ಮೇಲೆ ಸೈನೈಡ್ ದಿಬ್ಬಗಳು. 1965ರಲ್ಲಿ ಚಾಂಪಿಯನ್ ರೀಫ್ ಗಣಿಯೊಳಗೆ, ಎರಡು ಕಿಲೋಮೀಟರ್‌ಗೂ ಹೆಚ್ಚು ಆಳದಲ್ಲಿ, ವಿಜ್ಞಾನಿಗಳಿಗೆ ವಾತಾವರಣದ ನ್ಯೂಟ್ರಿನೊಗಳ ಗುರುತು ಸಿಕ್ಕಿತ್ತು. ಇಷ್ಟೆಲ್ಲ ಕೈಯಲ್ಲಿದ್ದೂ ಸೂಪರ್‌ಹೀರೋ ಕಥೆಗೆ ನ್ಯೂಯಾರ್ಕಿಗೆ ಹೋಗುವವರನ್ನು ಕಂಡರೆ ನಮಗೆ ಆಶ್ಚರ್ಯ. ಇನ್ನು ಮುಂದಿನದು ಕಲ್ಪನೆ: ಖಳನೊಬ್ಬ ಕೆಳಗೆ ಯಂತ್ರ ಹೂಡಿದ್ದಾನೆ, ನೆಲ ನಡುಗುತ್ತಿದೆ. ಹಳೆಯ ಶಾಫ್ಟಿನ ಮೇಲಿನ ಕಬ್ಬಿಣದ ಗೋಪುರ ವಾಲಿದೆ. ರಾಬರ್ಟ್‌ಸನ್‌ಪೇಟೆ ಮಾರುಕಟ್ಟೆಯಲ್ಲಿ ಜನ ಕಾಲ್ತುಳಿತದ ಅಂಚಿನಲ್ಲಿದ್ದಾರೆ. ಯಂತ್ರಕ್ಕೆ ಹೋಗುವ ದಾರಿ ಹಳೆಯ ನಕ್ಷೆ ಓದಬಲ್ಲವರಿಗೆ ಮಾತ್ರ ಗೊತ್ತಾಗುತ್ತದೆ.

ಆಟಗಾರರು ನಾಲ್ವರು, ತೊಂದರೆ ಮೂರು. ಬೇಕೆಂದೇ ಒಂದು ಕಡಿಮೆ. ನಾಲ್ಕು ಇಟ್ಟರೆ ಒಬ್ಬೊಬ್ಬರೂ ಒಂದೊಂದು ಕಡೆ ಒಂಟಿಯಾಗಿ ಆಡುತ್ತಾರೆ, ಉಳಿದ ಮೂವರು ಕಾಯುತ್ತಾರೆ. ಮೂರು ಇಟ್ಟರೆ ಎಲ್ಲೋ ಒಂದು ಕಡೆ ಇಬ್ಬರು ಜೊತೆಯಾಗಲೇಬೇಕು, ಯಾರು ಯಾರ ಜೊತೆ ಎಂಬ ಚರ್ಚೆಯಲ್ಲೇ ಕಥೆ ಇದೆ. ಪ್ರತಿ ತೊಂದರೆಗೂ ಹಾಳೆಯ ಮೇಲೆ ಒಂದು ವೃತ್ತ ಬರೆದು 6 ಭಾಗ ಮಾಡಿ. ಪ್ರತಿ ಸುತ್ತಿಗೆ ಪ್ರತಿ ವೃತ್ತದಲ್ಲೂ ಒಂದು ಭಾಗ ತುಂಬುತ್ತದೆ. ಅಲ್ಲಿ ಯಾರಾದರೂ ಸೋತರೆ ಇನ್ನೊಂದು. ವೃತ್ತ ತುಂಬಿ ಕೈಮೀರುವ ಮೊದಲು ತೊಂದರೆ ಬಗೆಹರಿಯಲು 3 ಗೆಲುವು ಬೇಕು. ಗೆಲ್ಲುವ ಸಂಭವ ನೂರಕ್ಕೆ 60ರ ಹತ್ತಿರ ಇಟ್ಟರೆ ನಾಲ್ವರು ಸೇರಿ ಸುತ್ತಿಗೆ ಸರಾಸರಿ 2.4 ಗೆಲುವು, ಒಟ್ಟು 9 ಗೆಲ್ಲಲು ನಾಲ್ಕು ಸುತ್ತು ಬೇಕು. ಅತ್ತ ವೃತ್ತಗಳೂ ಸರಿಸುಮಾರು ನಾಲ್ಕನೇ ಸುತ್ತಿಗೇ ತುಂಬುತ್ತವೆ. ಆ ಕೂದಲೆಳೆಯ ಅಂತರವೇ ನಿಮಗೆ ಬೇಕಾದದ್ದು. ಆಟಗಾರರು ಮೂವರೇ ಇದ್ದರೆ ತೊಂದರೆ 2, ವೃತ್ತಕ್ಕೆ 5 ಭಾಗ.

ಬಂಡೆ ಗೋಪುರ ಹಿಡಿದು ನಿಂತ. ತನ್ನ ಬಲಕ್ಕೆ ತಕ್ಕ ಕೆಲಸದಲ್ಲಿ ಅವನ ಒಂದು ಗೆಲುವು ಎರಡಕ್ಕೆ ಸಮ ಎಂದು ಕೊಡಿ, ಬಲಕ್ಕೆ ಮರ್ಯಾದೆ ಸಿಗಬೇಕಲ್ಲ. ಆದರೆ ಹಿಡಿದ ಮೇಲೆ ಬಿಡುವ ಹಾಗಿಲ್ಲ. ಯಂತ್ರ ನಿಲ್ಲಿಸುವವಳು ಕೀಲಿ, ಅವಳು ತಡ ಮಾಡಿದಷ್ಟೂ ಬಂಡೆಯ ಕೈ ನಡುಗುತ್ತದೆ. ಊರಲ್ಲೇ ಅತಿ ಬಲಶಾಲಿ ಅತಿ ದುರ್ಬಲಳ ಕೈ ಕಾಯುತ್ತಿದ್ದಾನೆ.

ಇಲ್ಲಿ ಒಂದು ಗುಂಡಿ ಇದೆ: ಮಿಂಚುಳ್ಳಿ. ವೇಗದ ಪಾತ್ರ ಒಂದೇ ಸುತ್ತಿನಲ್ಲಿ ಮೂರು ಕಡೆಯೂ ಹೋಗಿ ಬರುತ್ತದೆ, ನಿಮ್ಮ ಇಡೀ ಏರ್ಪಾಡು ಐದು ನಿಮಿಷದಲ್ಲಿ ಮುಗಿಯುತ್ತದೆ. ಅವಳನ್ನು ಕಟ್ಟಿಹಾಕಬೇಡಿ. ವೇಗದಿಂದ ಮುಗಿಯದ ಕೆಲಸ ಇಡಿ: ಗಾಬರಿಯಾದ ಅಜ್ಜಿಯನ್ನು ಸಮಾಧಾನ ಮಾಡುವುದು, ಗಾಯಾಳುವನ್ನು ಮೆಲ್ಲನೆ ಸಾಗಿಸುವುದು, ನೀರು ಇಳಿಯುವ ತನಕ ಕಾಯುವುದು. ಸುತ್ತಿಗೆ ಒಂದು ಗೆಲುವಿನ ಪ್ರಯತ್ನ ಎಂಬ ಮಿತಿ ಅವಳಿಗೂ ಉಂಟು. ಎಲ್ಲಿ ಪ್ರಯತ್ನಿಸಬೇಕು ಎಂಬುದನ್ನು ಮಾತ್ರ ಅವಳು ಕೊನೆಯ ಕ್ಷಣದಲ್ಲಿ ನಿರ್ಧರಿಸಬಹುದು. ದನಿಯ ಬಗ್ಗೆ ಇನ್ನೂ ಎಚ್ಚರ. ಮನಸ್ಸು ಬಗ್ಗಿಸುವ ಶಕ್ತಿ ಅಂಕದಲ್ಲಿ ಸಣ್ಣದಾಗಿ ಕಂಡರೂ ಒಂದು ಮಾತಿಗೆ ಖಳನನ್ನು ಶರಣಾಗಿಸಿಬಿಡುತ್ತದೆ. ಒಂದು ವಾಕ್ಯದಷ್ಟು ಆಜ್ಞೆ, ಒಂದು ಸುತ್ತಿನಷ್ಟು ಹಿಡಿತ, ಕೇಳಿದವನಿಗೆ ಆಮೇಲೆ ನೆನಪಿರುತ್ತದೆ ಎಂದು ಮೂರು ಗೆರೆ ಎಳೆಯಿರಿ.

ಮತ್ತೆ ಮತ್ತೆ ಕಾಣುವ ತಪ್ಪು ಒಂದಿದೆ. ಬಂಡೆಯ ಬಲ ತಲೆನೋವಾಯಿತೆಂದು ಪ್ರತಿ ವಾರ ಅವನ ಬಲ ಹೀರುವ ಕಲ್ಲನ್ನೋ ಕಿರಣವನ್ನೋ ತರುವುದು. ಆಟಗಾರ ಅಂಕ ಕೊಟ್ಟು ಕೊಂಡದ್ದನ್ನು ನೀವು ಕಿತ್ತುಕೊಂಡಿರಿ, ಕೀಲಿಗೆ ಏನೂ ಕೊಡಲಿಲ್ಲ. ಐದು ಬೈಠಕ್ಕಿಗೆ ಒಂದು ಸಲ ಸಾಕು. ಆ ಒಂದು ಸಲ ಬಂದಾಗ ಬಂಡೆಗೆ ನಾಣ್ಯ ಕೊಡುವುದು ಮರೆಯಬೇಡಿ.

ಗಮನ ಸಮನಾಗಿ ಹಂಚಿಕೆಯಾಗುತ್ತಿದೆಯೇ ಎಂದು ತಿಳಿಯಲು ಹಾಳೆಯ ಮೂಲೆಯಲ್ಲಿ ಎಲ್ಲರ ಹೆಸರು ಬರೆದಿಡಿ. ಒಬ್ಬರ ನಿರ್ಧಾರದಿಂದ ಕಥೆಯ ದಾರಿ ಬದಲಾದಾಗ ಒಂದು ಗೆರೆ. ಮಾತಾಡಿದ್ದಕ್ಕೆ ಗೆರೆ ಇಲ್ಲ, ಹೊಡೆದದ್ದಕ್ಕೂ ಇಲ್ಲ. ಮೂರು ಗಂಟೆಯ ಆಟದಲ್ಲಿ ಯಾರಾದರೂ ಇನ್ನೊಬ್ಬರಿಗಿಂತ 3 ಗೆರೆ ಹಿಂದೆ ಬಿದ್ದರೆ ಮುಂದಿನ ದೃಶ್ಯ ಅವರ ಮನೆ ಬಾಗಿಲಲ್ಲಿ ಶುರುವಾಗಲಿ.

ಸಭೆಯಿಂದ ಬಂದ ಪ್ರಶ್ನೆಗಳು

ನಡುವೆ ಹೊಸಬರು ಸೇರಿದರೆ ಅವರಿಗೆ ಹಳಬರಷ್ಟೇ ಅಂಕ ಕೊಡಬೇಕೇ? ಮಿತಿ ಅಷ್ಟೇ ಕೊಡಿ, ಅಂಕ ಹತ್ತು ಹದಿನೈದು ಕಡಿಮೆಯಾದರೂ ನಡೆಯುತ್ತದೆ. ದಾಳಿ, ಪೆಟ್ಟು, ಗಟ್ಟಿತನ ಹಳಬರ ಸಮಕ್ಕೆ ಬಂದರೆ ಸಾಕು. ಉಳಿದ ಅಂಕದಿಂದ ಬರುವುದು ಅಗಲವೇ ಹೊರತು ಎತ್ತರ ಅಲ್ಲ.

ಬಂಡೆಯ ಆಟಗಾರನೇ ಎಲ್ಲದಕ್ಕೂ ಮುಂದೆ ನುಗ್ಗಿದರೆ? ಅದು ಪಾತ್ರದ ಬಲವಲ್ಲ, ಮನುಷ್ಯನ ಸ್ವಭಾವ. ಯಾವ ಅಂಕವೂ ಅದನ್ನು ಸರಿಪಡಿಸುವುದಿಲ್ಲ. ಟೀ ವಿರಾಮದಲ್ಲಿ ಪಕ್ಕಕ್ಕೆ ಕರೆದು ಮಾತಾಡಿ. ಆಟ ಶುರುವಾಗುವ ಮೊದಲ ದಿನವೇ ಪ್ರತಿಯೊಬ್ಬರೂ ‘ಈ ಒಂದು ಕೆಲಸದಲ್ಲಿ ನನ್ನನ್ನು ಯಾರೂ ಮೀರಿಸಬಾರದು’ ಎಂದು ಬರೆದುಕೊಟ್ಟಿದ್ದರೆ ಆ ಚೀಟಿ ತೋರಿಸುವುದು ಸುಲಭ. ಎರಡು ಚೀಟಿಯಲ್ಲಿ ಒಂದೇ ಕೆಲಸ ಬಂದಿದ್ದರೆ ಅಂದೇ ಬದಲಿಸಿಕೊಳ್ಳಬೇಕು.

ಇಪ್ಪತ್ತು ಮುಖದ ದಾಳ ತರಿಸುವ ತನಕ ಏನು ಮಾಡುವುದು? ಇಸ್ಪೀಟ್ ಕಟ್ಟಿನಿಂದ ಒಂದು ಕಪ್ಪು ಜಾತಿಯ ಎಕ್ಕದಿಂದ ಹತ್ತು, ಒಂದು ಕೆಂಪು ಜಾತಿಯ ಎಕ್ಕದಿಂದ ಹತ್ತು ತೆಗೆಯಿರಿ. ಒಟ್ಟು 20 ಎಲೆ. ಕಪ್ಪು ಬಂದರೆ ಇದ್ದಷ್ಟು, ಕೆಂಪು ಬಂದರೆ ಹತ್ತು ಸೇರಿಸಿ. ಎಳೆದ ಎಲೆಯನ್ನು ಪ್ರತಿ ಸಲ ವಾಪಸ್ ಹಾಕಿ ಕಲಸಬೇಕು. ಹಾಕದಿದ್ದರೆ ದೊಡ್ಡ ಎಲೆಗಳು ಯಾವಾಗ ಖಾಲಿಯಾದವು ಎಂದು ಲೆಕ್ಕ ಹಿಡಿಯುವ ಆಟಗಾರ ಒಬ್ಬನಾದರೂ ಇರುತ್ತಾನೆ, ಆಮೇಲೆ ಮೇಜಿನಲ್ಲಿ ಅತಿ ಬಲಶಾಲಿ ಅವನೇ.